ಕಾವೇರಿ ಹೋದ ದಾರಿಯಲ್ಲಿ ರೈಲು ಬರಲಿಲ್ಲ

ಬೆಂಗಳೂರಿನ ಸಾರಿಗೆ ಸಮಸ್ಯೆಯ ಮಾತು ಬಂದಾಗಲೆಲ್ಲ ನಮ್ಮ ಕಣ್ಣು ಹೋಗುವುದು ಹೆಬ್ಬಾಳದ ಮೇಲ್ಸೇತುವೆಯ ಕಡೆಗೆ, ಇಲ್ಲವೇ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಕಡೆಗೆ. ಆದರೆ ಆ ನಗರಕ್ಕೆ ಬೆಳಕು ಎಲ್ಲಿಂದ ಬಂತು, ನೀರು ಎಲ್ಲಿಂದ ಬರುತ್ತಿದೆ, ಅಲ್ಲಿನ ಕಟ್ಟಡಗಳಿಗೆ ಗಾರೆ ಹೊರುವವರು ಯಾವ ಊರಿನವರು ಎಂದು ಕೇಳಿದರೆ ಚರ್ಚೆ ದಕ್ಷಿಣಕ್ಕೆ, ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆಗೆ ಹೊರಳುತ್ತದೆ. ಮಹಾನಗರವೊಂದು ತನ್ನ ದೂರದ ಹಿತ್ತಿಲನ್ನು ಹೇಗೆ ನಡೆಸಿಕೊಂಡಿತು ಎಂಬ ಚರಿತ್ರೆ ಅಲ್ಲಿದೆ.

1799ರಲ್ಲಿ ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಆತನ ರಾಜ್ಯವನ್ನು ಗೆದ್ದವರು ಹಂಚಿಕೊಂಡರು. ಕೊಳ್ಳೇಗಾಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾಗಿ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತು. ಹನೂರು ಆ ತಾಲ್ಲೂಕಿನ ಊರು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದಿತು. ಹೀಗೆ ಒಂದೇ ಸಂತೆಗೆ ಹೋಗಿಬರುವಷ್ಟು ಹತ್ತಿರದ ಕನ್ನಡದ ಊರುಗಳು ಎರಡು ಆಡಳಿತಗಳ ಕೆಳಗೆ ಬದುಕಿದವು. ಜಿಲ್ಲಾ ಕಚೇರಿಯ ಕೆಲಸವಿದ್ದರೆ ಕೊಳ್ಳೇಗಾಲದವರು ಘಟ್ಟ ಇಳಿದು ಕೊಯಮತ್ತೂರಿಗೆ ಹೋಗಬೇಕಿತ್ತು. ರಾಜ್ಯ ಪುನರ್ವಿಂಗಡಣೆಯಾದ 1956ರ ನವೆಂಬರ್ 1ರವರೆಗೂ ಇದೇ ಸ್ಥಿತಿ.

ರೈಲಿನ ನಕ್ಷೆಯೂ ಈ ಗಡಿಯನ್ನು ನೋಡಿಕೊಂಡೇ ಬೆಳೆಯಿತು. 1877ರ ಮಹಾ ಬರಗಾಲದಲ್ಲಿ ಹಸಿದವರಿಗೆ ಕೂಲಿ ಕೊಡುವ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು-ಮೈಸೂರು ಮಾರ್ಗ 1882ರಲ್ಲಿ ಮುಗಿಯಿತು. 1891ರಲ್ಲಿ ನಂಜನಗೂಡಿಗೆ, 1926ರಲ್ಲಿ ಚಾಮರಾಜನಗರಕ್ಕೆ ಹಳಿ ಮುಟ್ಟಿ ಅಲ್ಲಿಗೇ ನಿಂತಿತು. ಗಡಿಯಾಚೆಯ ಕೊಳ್ಳೇಗಾಲ ಮೈಸೂರಿನ ಹಳಿಗೆ ಪರರ ಊರು. ಮದರಾಸಿನ ಹಳಿಗೆ ಅದು ಘಟ್ಟದ ಮೇಲಿನ ಒಂದು ಮೂಲೆ.

ವಿದ್ಯುತ್ತಿನ ಕಥೆ ಬೇರೆ. ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ತಯಾರಾದ ವಿದ್ಯುತ್ತು 1902ರಲ್ಲಿ ಸುಮಾರು 90 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿದೀಪಗಳು ಅದೇ ವಿದ್ಯುತ್ತಿನಿಂದ ಉರಿದವು. ನಂತರ ನೀರಿನ ಸರದಿ. 1974ರಲ್ಲಿ ಕಾವೇರಿ ಮೊದಲ ಹಂತದ ನೀರು ಬೆಂಗಳೂರು ಸೇರಿತು. ಶಿವನಸಮುದ್ರದ ಬಳಿ ನದಿಯಿಂದ ತಿರುಗಿಸಿದ ನೀರನ್ನು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧೀಕರಿಸಿ, ಸುಮಾರು 100 ಕಿ.ಮೀ. ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಲಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಯಿತು. ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಆ ಯೋಜನೆ ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳನ್ನು ಗುರಿಯಾಗಿಟ್ಟುಕೊಂಡದ್ದು. ಬೇಕಾದ ವಸ್ತುವಾದರೆ ದೂರವಾಗಲಿ ಏರುವಾಗಲಿ ನಗರಕ್ಕೆ ಅಡ್ಡಿಯಾಗುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಜನರ ದಾರಿ ಇವೆರಡಕ್ಕಿಂತ ಹಳೆಯದು. ಮಹಾಶಿವರಾತ್ರಿಗೆ ಬೆಂಗಳೂರು, ಕನಕಪುರದ ಕಡೆಯ ಭಕ್ತರು ಇಂದಿಗೂ ಕಾಲ್ನಡಿಗೆಯಲ್ಲಿ ಹೊರಟು, ಸಂಗಮದ ಬಳಿ ಕಾವೇರಿ ದಾಟಿ, ಕಾಡುದಾರಿಯಲ್ಲಿ ಹನೂರಿನ ಸೀಮೆಗೆ ಬಂದು ಮಲೆ ಮಹದೇಶ್ವರ ಬೆಟ್ಟ ಸೇರುತ್ತಾರೆ. ಎದುರು ದಿಕ್ಕಿನಲ್ಲಿ ನಡೆದದ್ದು ಹೊಟ್ಟೆಪಾಡಿನ ಯಾತ್ರೆ. ಹನೂರಿನ ಸುತ್ತಲಿನದು ಹೆಚ್ಚಾಗಿ ಮಳೆಯನ್ನೇ ನೆಚ್ಚಿದ ಭೂಮಿ. ಮಳೆ ಕೈಕೊಟ್ಟ ವರ್ಷ ಬೀಗ ಹಾಕಿದ ಮನೆಗಳು ಹೆಚ್ಚುತ್ತವೆ. ಗಂಟುಮೂಟೆ ಕಟ್ಟಿದವರಿಗೆ ಇರುವುದು ಬಸ್ಸೊಂದೇ. ಹಿಂದೆ 209 ಎನಿಸಿಕೊಂಡು ಈಗ 948 ಎಂದಾಗಿರುವ ಹೆದ್ದಾರಿಯಲ್ಲಿ ಮಳವಳ್ಳಿ, ಕನಕಪುರ ಹಾದು ಅವರು ಬೆಂಗಳೂರು ಸೇರಬೇಕು.

ಈ ದಾರಿಗೆ ರೈಲು ಬರುತ್ತದೆಂಬ ಮಾತು ಮಾತ್ರ ಬಹಳ ಸಲ ಬಂದಿದೆ. 1996-97ರ ರೈಲ್ವೆ ಬಜೆಟ್ಟಿನಲ್ಲಿ ಸುಮಾರು 260 ಕಿ.ಮೀ. ಉದ್ದದ ಬೆಂಗಳೂರು-ಸತ್ಯಮಂಗಲ ಮಾರ್ಗ ಸೇರಿತು. ಚಾಮರಾಜನಗರದಾಚೆಗೆ ಅದು ಆನೆ, ಹುಲಿಗಳ ಕಾಡನ್ನು ಸೀಳಬೇಕಿತ್ತು. ಅರಣ್ಯದ ಆಕ್ಷೇಪಣೆ ಬಂತು. ಆ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಕಾಡಿನ ಈಚೆಗಿನ ಭಾಗ, ಅಂದರೆ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೂಲಕ ಚಾಮರಾಜನಗರಕ್ಕೆ ಬರುವ 142 ಕಿ.ಮೀ. ಮಾರ್ಗ ಏಕೆ ಕಾಗದದಲ್ಲೇ ಉಳಿಯಿತು? ಅದಕ್ಕೆ ಕಾಡಿನ ಕಡೆ ಬೆರಳು ತೋರಿಸಿದರೆ ಸಾಲದು.

ಇದೇ ಅವಧಿಯಲ್ಲಿ ಬೆಂಗಳೂರಿಗೆ 2011ರಲ್ಲಿ ಮೆಟ್ರೋ ಬಂತು. 2020ರಲ್ಲಿ ಸುಮಾರು 148 ಕಿ.ಮೀ. ಉಪನಗರ ರೈಲಿಗೆ ಕೇಂದ್ರದ ಒಪ್ಪಿಗೆ ಸಿಕ್ಕಿತು. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮೆಟ್ರೋ ರೇಷ್ಮೆ ಸಂಸ್ಥೆಯವರೆಗೆ ಬಂದು ತಲುಪಿತು. ನಿಲ್ದಾಣಕ್ಕೆ ರೇಷ್ಮೆಯ ಹೆಸರು; ರೇಷ್ಮೆಗೆ ಹೆಸರಾದ ಕೊಳ್ಳೇಗಾಲ ಅದೇ ರಸ್ತೆಯಲ್ಲಿ ಇನ್ನೂ ನೂರು ಕಿಲೋಮೀಟರಿಗಿಂತ ಆಚೆಗಿದೆ. ನಗರಕ್ಕೆ ಈ ಸೌಲಭ್ಯಗಳು ಬೇಡವೆಂದು ನಾವು ಹೇಳುತ್ತಿಲ್ಲ. 148 ಕಿ.ಮೀ. ಹಳಿ ನಗರದ ಅಗತ್ಯ ಎನ್ನಿಸಿಕೊಂಡರೆ 142 ಕಿ.ಮೀ. ಹಳಿ ಹಿಂದುಳಿದ ಪ್ರದೇಶಕ್ಕೆ ತೋರಿಸಬೇಕಾದ ಕೃಪೆ ಎನ್ನಿಸಿಕೊಳ್ಳುವುದೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ.

ಉತ್ತರದ ಒಂದು ಎಳೆ ಯೋಜನಾ ನಕ್ಷೆಯಲ್ಲಿದೆ. 1985ರ ಕಾಯ್ದೆಯಂತೆ ರಚನೆಯಾದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿ ಸುಮಾರು 8,005 ಚದರ ಕಿ.ಮೀ. ಕನಕಪುರ ಅದರ ಒಳಗೆ, ಕೊಳ್ಳೇಗಾಲ ಹೊರಗೆ. ನೀರಿನ ಕೊಳವೆ, ವಿದ್ಯುತ್ ತಂತಿ ಆ ಗೆರೆಯನ್ನು ದಾಟಿ ಹೋಗುತ್ತವೆ. ಸಾರಿಗೆಯ ಯೋಜನೆ ಗೆರೆಯ ಒಳಗೇ ಮುಗಿದುಹೋಗುತ್ತದೆ. ಹಿಂದೆ ಮೈಸೂರು-ಮದರಾಸು ಗಡಿ ಮಾಡಿದ ಕೆಲಸವನ್ನು ಈಗ ಮಹಾನಗರದ ಗಡಿ ಮಾಡುತ್ತಿದೆ.

ರೈಲು ಬಂದರೆ ಎಲ್ಲವೂ ಸರಿಹೋಗುತ್ತದೆಯೇ ಎಂದು ಕೇಳುವವರಿದ್ದಾರೆ. 1926ರಿಂದ ರೈಲು ಕಂಡ ಚಾಮರಾಜನಗರ ಶ್ರೀಮಂತವಾಗಲಿಲ್ಲವಲ್ಲ ಎಂಬ ಅವರ ಮಾತು ನಿಜ. ಆದರೆ ಅಲ್ಲಿಗೆ ಬಂದದ್ದು ಸುತ್ತಿಬಳಸಿ ಬಂದು ಕೊನೆಯಾಗುವ ಹಳಿ. ಬೆಂಗಳೂರಿನಿಂದ ನೇರವಾಗಿ ಬಂದು ಆ ತುದಿಯನ್ನು ಕೂಡುವ ಹಳಿಯ ಪರಿಣಾಮ ಬೇರೆ. ಆ ಮಾರ್ಗ ಹನೂರನ್ನು ಮುಟ್ಟುವುದಿಲ್ಲ ಎಂಬುದೂ ನಿಜ. ಕೊಳ್ಳೇಗಾಲದಿಂದ ಸುಮಾರು 25 ಕಿ.ಮೀ. ಬಸ್ಸಿನಲ್ಲೇ ಹೋಗಬೇಕು. ಆದ್ದರಿಂದ ರೈಲಿನೊಂದಿಗೆ ಬಸ್ಸಿನ ಸಮಯವನ್ನೂ ಹೊಂದಿಸಿದ ಒಂದೇ ಯೋಜನೆ ಬೇಕು. 2017ರ ಬಜೆಟ್ಟಿನಲ್ಲಿ ಹನೂರು ತಾಲ್ಲೂಕೆಂದು ಘೋಷಣೆಯಾಯಿತು. ಕಚೇರಿಯ ನಾಮಫಲಕ ಬದಲಾದ ಮಾತ್ರಕ್ಕೆ ಕೂಲಿಗೆ ಹೊರಟವರ ದಾರಿ ಹತ್ತಿರವಾಗುವುದಿಲ್ಲ.

ಹನೂರಿನವರು ಬೆಂಗಳೂರಿಗೆ ವಲಸೆ ಹೋಗುವುದು ಸುಲಭವಾಗಲಿ ಎಂಬುದು ನಮ್ಮ ಆಸೆಯಲ್ಲ. ಹಬ್ಬಕ್ಕೆ, ಕಾಯಿಲೆಗೆ, ಬಿತ್ತನೆಗೆ ಬೇಗ ಊರಿಗೆ ಮರಳುವಂತಾದರೆ, ಬೆಳೆದದ್ದನ್ನು ಕಡಿಮೆ ಖರ್ಚಿನಲ್ಲಿ ಮಾರುಕಟ್ಟೆಗೆ ಕಳಿಸುವಂತಾದರೆ ಮನೆಗೆ ಬೀಗ ಹಾಕುವವರು ಕಡಿಮೆಯಾಗುತ್ತಾರೆ. ನಗರದ ಕೊಳೆಗೇರಿಗಳ ಮೇಲಿನ ಒತ್ತಡವೂ ತಗ್ಗುತ್ತದೆ. ಕಾವೇರಿಯ ಮುಂದಿನ ಹಂತದ ಮಾತು ಶುರುವಾಗುವಾಗಲಾದರೂ ಅದೇ ಮೇಜಿನ ಮೇಲೆ ಈ 142 ಕಿಲೋಮೀಟರಿನ ಕಡತವನ್ನೂ ಇಡಬೇಕೆಂದು ಈ ಭಾಗದ ಜನಪ್ರತಿನಿಧಿಗಳು ಪಟ್ಟುಹಿಡಿಯಲಿ.