ಮಾಡಿನ ಹೆಂಚೂ ನೆಲದ ಬಿಲ್ಲೆಯೂ

ಬೆಂಗಳೂರಿನ ದಕ್ಷಿಣಕ್ಕಿರುವ ಕತ್ರಿಗುಪ್ಪೆಯು ಒಂದು ಕಾಲಕ್ಕೆ ಬೇರೆಯೇ ಹಳ್ಳಿಯಾಗಿದ್ದಿತೆಂಬುದನ್ನು ಅಲ್ಲಿ ಈಗ ವಾಸಿಸುವವರಲ್ಲಿಯೇ ಅನೇಕರು ನೆನೆಯಲಾರರು. ಬನಶಂಕರಿ ಮೂರನೆಯ ಹಂತವೆಂಬ ಹೆಸರಿನಲ್ಲಿ ಅದರ ಸುತ್ತಣ ಹೊಲಗಳು ನಿವೇಶನಗಳಾದುವು, ನಿವೇಶನಗಳು ಮನೆಗಳಾದುವು, ಆ ಮನೆಗಳು ಈಗ ಒಂದೊಂದಾಗಿ ಉರುಳಿ ನಾಲ್ಕೈದು ಅಂತಸ್ತಿನ ಕಟ್ಟಡಗಳಾಗುತ್ತಿವೆ. ಗುಪ್ಪೆಯೆಂಬ ಮಾತಿಗೆ ರಾಶಿಯೆಂದು ಅರ್ಥ. ಇಂದು ಆ ಬೀದಿಗಳಲ್ಲಿ ನಡೆಯುವವನ ಕಣ್ಣಿಗೆ ಬೀಳುವ ಗುಪ್ಪೆಯಾದರೋ, ಹಳೆಯ ಮನೆಯನ್ನು ಕೆಡವಿ ಮಗ್ಗುಲಿಗೆ ಸುರಿದ ಇಟ್ಟಿಗೆ, ಗಾರೆ, ಒಡೆದ ನೆಲಬಿಲ್ಲೆಗಳ ರಾಶಿಯೇ. ಮನುಷ್ಯನು ತಲೆಯ ಮೇಲೆ ಹೊದಿಸಿಕೊಂಡ ಮತ್ತು ಕಾಲ ಕೆಳಗೆ ಹಾಸಿಕೊಂಡ ಸುಟ್ಟ ಮಣ್ಣಿನ ಕತೆಯೆಲ್ಲವೂ ಆ ರಾಶಿಯಲ್ಲಿ ಅಡಗಿರುವುದು. ಗೃಹಸ್ಥರು ಅದನ್ನು ಒಮ್ಮೆ ಕೆದಕಿ ನೋಡುವುದು ಉಚಿತ.

ಮೊದಲು ಶಬ್ದವನ್ನು ವಿಚಾರಿಸೋಣ. ಇಟ್ಟಿಗೆಯು ಸಂಸ್ಕೃತದ ‘ಇಷ್ಟಕಾ’ ಶಬ್ದದಿಂದ ಬಂದುದು. ಹೆಂಚು ಹಾಗಲ್ಲ, ಅದು ಅಚ್ಚಕನ್ನಡದ ಮಾತು. ಹಳಗನ್ನಡದಲ್ಲಿ ಪಂಚು, ಬಳಿಕ ಹಂಚು, ಆಡುಮಾತಿನಲ್ಲಿ ಹೆಂಚು. ಮಾಡಿಗೆ ಹೊದಿಸುವುದೂ ಹಂಚೇ, ರೊಟ್ಟಿ ಸುಡುವುದೂ ಹಂಚೇ, ಒಡೆದ ಮಡಕೆಯ ಚೂರೂ ಹಂಚೇ. ಸಂಸ್ಕೃತದಲ್ಲಿ ‘ಕಪಾಲ’ವೆಂಬ ಮಾತೂ ಇದೇ ಬಗೆಯಾಗಿ ನಡೆದಿದೆ. ಯಜ್ಞದಲ್ಲಿ ಅಗ್ನಿಗೆ ಅರ್ಪಿಸುವ ಪುರೋಡಾಶವನ್ನು ಎಂಟು ಕಪಾಲಗಳ ಮೇಲೆ ಬೇಯಿಸುತ್ತಾರಾದುದರಿಂದ ಅದಕ್ಕೆ ‘ಅಷ್ಟಾಕಪಾಲ’ವೆಂದು ಹೆಸರು. ಬೇರೆ ಬೇರೆ ಕುಲದ ಈ ಎರಡು ಭಾಷೆಗಳಲ್ಲಿಯೂ ಬೆಂಕಿಯನ್ನು ತಾಳಿದ ಮಣ್ಣಿನ ತುಂಡಿಗೆ ಒಂದೇ ಬಗೆಯ ಗೌರವವಿದ್ದಿತೆಂಬುದು ಇದರಿಂದ ತಿಳಿಯುವುದು.

ಪೂರ್ವದಲ್ಲಿ ಬೆಂಗಳೂರು ಸೀಮೆಯ ಹಳ್ಳಿಗಳಲ್ಲಿ ಮನೆಯ ಹೊದಿಕೆಯು ಮೂರು ಬಗೆಯಾಗಿದ್ದಿತು. ಬಡವರಿಗೆ ಹುಲ್ಲು, ಕೆಲವರಿಗೆ ಮಣ್ಣಿನ ಮಾಳಿಗೆ, ಉಳಿದವರಿಗೆ ಕುಂಬಾರನ ನಾಡಹೆಂಚು. ನಾಡಹೆಂಚನ್ನು ಕುಂಬಾರನು ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಹಸಿಯಿರುವಾಗಲೇ ಉದ್ದಕ್ಕೆ ಸೀಳಿ, ಒಣಗಿಸಿ ಆವಿಗೆಯಲ್ಲಿ ಸುಡುತ್ತಿದ್ದನು. ಒಂದು ಸಾಲು ಅಂಗಾತ, ಅದರ ಮೇಲೊಂದು ಸಾಲು ಬೋರಲು, ಹೀಗೆ ಒತ್ತೊತ್ತಾಗಿ ಹೊದಿಸಿದರೆ ಮಾಡು ಸಿದ್ಧವಾಗುತ್ತಿದ್ದಿತು. ಇದರ ಗುಣವೇನೆಂದರೆ, ಊರ ಮಣ್ಣು, ಊರ ಸೌದೆ, ಊರ ಕೈಗಳಿಂದಲೇ ಎಲ್ಲವೂ ಆಗುತ್ತಿದ್ದಿತು. ಬೇಸಗೆಯಲ್ಲಿ ಮನೆಯು ತಂಪಾಗಿರುತ್ತಿದ್ದಿತು. ದೋಷವೇನೆಂದರೆ, ಹೆಂಚು ಹಗುರವಾಗಿದ್ದು ಗಾಳಿಗೆ ಸರಿಯುತ್ತಿದ್ದಿತು; ಕೋತಿಗಳ ಓಟಕ್ಕೆ ಒಡೆಯುತ್ತಿದ್ದಿತು; ಎರಡು ಪದರಗಳ ನಡುವಣ ಪೊಳ್ಳಿನಲ್ಲಿ ಇಲಿ, ಚೇಳು ಮನೆಮಾಡುತ್ತಿದ್ದುವು. ಆದಕಾರಣ ಪ್ರತಿವರ್ಷವೂ ಮುಂಗಾರಿಗೆ ಮೊದಲು ‘ಹೆಂಚು ಕೈಯಾಡಿಸುವುದು’ ಮನೆವಾರ್ತೆಯ ಕೆಲಸಗಳಲ್ಲೊಂದಾಗಿದ್ದಿತು.

ಈ ಸ್ಥಿತಿಯನ್ನು ಬದಲಿಸಿದ ವಸ್ತುವು ಹುಟ್ಟಿದುದು ಕಡಲ ತೀರದಲ್ಲಿ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮತವನ್ನು ಸೇರಿದವರಲ್ಲಿ ಹಲವರಿಗೆ ಕುಲವೃತ್ತಿಯೂ ಬಂಧುಗಳ ಆಶ್ರಯವೂ ತಪ್ಪಿಹೋದುವು. ಕಳ್ಳಿಳಿಸುವ ಕಸಬನ್ನಂತೂ ಮಿಷನ್ನಿನವರೇ ಒಪ್ಪುತ್ತಿರಲಿಲ್ಲ. ಇವರಿಗೆ ಅನ್ನದ ದಾರಿಯೊಂದನ್ನು ಕಲ್ಪಿಸಬೇಕಾಗಿ ಬಂದುದರಿಂದ ಮೊದಲು ಅಚ್ಚುಕೂಟ, ನೆಯ್ಗೆ ಮುಂತಾದ ಉದ್ಯೋಗಗಳು ಆರಂಭವಾದುವು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದವರೂ, 1894ರಲ್ಲಿ ಕಿಟ್ಟೆಲರ ನಿಘಂಟನ್ನು ಅಚ್ಚುಹಾಕಿದವರೂ ಇವರೇ. ಆ ಅಚ್ಚುಕೂಟದ ಕೆಲಸಕ್ಕಾಗಿ ಬಂದ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು ನೇತ್ರಾವತಿಯ ದಡದ ಜೇಡಿಮಣ್ಣನ್ನು ಕಂಡು, ಇದು ಹೆಂಚಿಗೆ ತಕ್ಕುದೆಂದು ನಿರ್ಧರಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ಕನ್ನಡ ಅಕ್ಷರಗಳ ಅಚ್ಚನ್ನು ನೋಡಿಕೊಳ್ಳುತ್ತಿದ್ದವನೇ ಕನ್ನಡಿಗರ ಮನೆಗಳ ಹೆಂಚಿಗೂ ಅಚ್ಚು ಮಾಡಿದನೆಂಬುದು ಸ್ಮರಣೀಯವಾದ ಸಂಗತಿ.

ಆ ಹೆಂಚಿನ ತತ್ತ್ವವು ಯೂರೋಪಿನದು. ಬಾಸೆಲ್ ನಗರಕ್ಕೆ ಅನತಿದೂರದಲ್ಲಿರುವ ಆಲ್ಟ್‌ಕಿರ್ಷ್ ಎಂಬಲ್ಲಿ ಗಿಲಾರ್ದೋನಿ ಸಹೋದರರು 1841ರಲ್ಲಿ ಒಂದಕ್ಕೊಂದು ಕೊಂಡಿಯಂತೆ ಸೇರುವ ಹೆಂಚಿಗೆ ಹಕ್ಕುಪತ್ರವನ್ನು ಪಡೆದಿದ್ದರು. ನಾಡಹೆಂಚು ಒಂದರ ಮೇಲೊಂದು ಭಾರ ಹಾಕಿ ನಿಲ್ಲುವುದು. ಈ ಹೆಂಚು ಪಕ್ಕದ ಹೆಂಚಿನ ಕಾಲುವೆಯಲ್ಲಿ ತನ್ನ ಏಣನ್ನು ಕೂರಿಸಿಕೊಂಡು, ಹಿಂಬದಿಯ ಗುಬುಟಿನಿಂದ ರೀಪಿಗೆ ತೂಗಿಕೊಂಡು ನಿಲ್ಲುವುದು. ಹೀಗಾಗಿ ಒಂದೇ ಪದರವು ಸಾಕು; ಮಾಡಿನ ಭಾರವೂ ಮರದ ವೆಚ್ಚವೂ ಕಡಮೆ; ಪೊಳ್ಳಿಲ್ಲದುದರಿಂದ ಇಲಿಗೆ ಎಡೆಯಿಲ್ಲ. ನೂರು ಚದರಡಿಗೆ ಸುಮಾರು 150 ಹೆಂಚುಗಳಾದರೆ ತೀರಿತು. 1868ರಲ್ಲಿ ಪಾಣೆಮಂಗಳೂರಿನಲ್ಲಿ ಆಲ್ಬುಕರ್ಕ್ ಕಾರ್ಖಾನೆಯು ತೊಡಗಿ, ದೇಶೀಯರೂ ಈ ಉದ್ಯಮಕ್ಕೆ ಕೈಹಚ್ಚಿದರು. ಮಿಷನ್ನಿನವರು ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ ಮೊದಲಾದೆಡೆ ಕಾರ್ಖಾನೆಗಳನ್ನು ಹೆಚ್ಚಿಸಿದರು. ಎತ್ತಿನ ಬಲದ ಜಾಗದಲ್ಲಿ ಹಬೆಯ ಯಂತ್ರವು ಬಂದಿತು. ಮಂಗಳೂರಿನ ಹೆಂಚು ಸಿಂಹಳ, ಬರ್ಮಾ, ಪೂರ್ವ ಆಫ್ರಿಕಾಗಳವರೆಗೂ ಹಡಗೇರಿ ಹೋಯಿತು.

ಬೆಂಗಳೂರಿಗೆ ಈ ಹೆಂಚು ಬೇಕಾದ ಸಮಯವೂ ತಾನಾಗಿ ಒದಗಿತು. 1898ರಲ್ಲಿ ನಗರಕ್ಕೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ, ಬೆಳಕಿಲ್ಲದ ಮನೆಗಳಲ್ಲಿ ಜನರು ಸತ್ತರು. ಉಳಿದವರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಗಾಳಿಬೆಳಕಿನ ವಾಸಕ್ಕಾಗಿ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಬೆಳೆದುವು. ಅಗಲವಾದ ನಿವೇಶನ, ಸುತ್ತ ತೋಟ, ಮುಂದೆ ಜಗಲಿ, ಅದರ ಮೇಲೆ ಕೆಂಪು ಹೆಂಚಿನ ಇಳಿಜಾರು, ಇವು ಆ ಬಡಾವಣೆಗಳ ಲಕ್ಷಣವಾದುವು. 1864ರಲ್ಲಿಯೇ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂದಿದ್ದಿತು. 1907ರಲ್ಲಿ ಮಂಗಳೂರಿಗೂ ರೈಲು ಮುಟ್ಟಿತು. ಆಗಿನಿಂದ ಘಟ್ಟದ ಗಾಡಿದಾರಿಯನ್ನೇ ನೆಚ್ಚಬೇಕಾದ ಕಷ್ಟವು ತಪ್ಪಿತು. ಬಸವನಗುಡಿಗೆ ಬಂದುದನ್ನು ನೆರೆಯ ಹಳ್ಳಿಗಳವರೂ ಕಂಡರು. ಕೈಯಲ್ಲಿ ನಾಲ್ಕು ಕಾಸಾದ ರೈತನು ನಾಡಹೆಂಚನ್ನು ಇಳಿಸಿ ಸೀಮೆಹೆಂಚನ್ನು ಹೊದಿಸುವುದು ಮನೆತನದ ಏಳಿಗೆಯ ಗುರುತಾಯಿತು.

ಲಾಭದೊಡನೆ ನಷ್ಟವೂ ಬಂದುದನ್ನು ಚರಿತ್ರೆಯು ಮರೆಯಬಾರದು. ಅನ್ನವನ್ನು ಕಳೆದುಕೊಂಡ ಕೆಲವರಿಗೆ ಅನ್ನವಾಗಲೆಂದು ಹುಟ್ಟಿದ ಹೆಂಚೇ, ಬೇರೆ ಕೆಲವರ ಅನ್ನವನ್ನು ಕಿತ್ತುಕೊಂಡಿತು. ಊರೂರಿನ ಕುಂಬಾರನಿಗೆ ಹೆಂಚಿನ ಕೆಲಸವು ನಿಂತುಹೋಯಿತು. ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳು ಮಡಕೆಯ ಕೆಲಸವನ್ನೂ ಕುಗ್ಗಿಸಿದುವು. ಒಲೆಗಳಿಗಾಗಿ ಕಾಡು ಸೌದೆಯಾಯಿತು. ಜೇಡಿಗಾಗಿ ನದಿಯ ದಡವೂ ಗದ್ದೆಗಳೂ ತಗ್ಗಾದುವು. ಕಾರ್ಖಾನೆಗಳ ಭಾಗ್ಯವೂ ಸ್ಥಿರವಾಗಿರಲಿಲ್ಲ. 1914ರ ಮಹಾಯುದ್ಧದಲ್ಲಿ ಮಿಷನ್ನಿನ ಉದ್ಯಮಗಳು ಶತ್ರುಪಕ್ಷದ ಸ್ವತ್ತೆಂದು ಸರಕಾರದ ವಶವಾಗಿ, ಅನಂತರ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿದುವು. ಕಬ್ಬಿಣ ಸಿಮೆಂಟುಗಳ ಸಮತಟ್ಟಾದ ತಾರಸಿಯು ಸಾಮಾನ್ಯರಿಗೂ ಎಟುಕಿದ ಮೇಲೆ ಹೆಂಚಿಗೆ ಬೇಡಿಕೆಯು ಇಳಿಯಿತು. ಮಂಗಳೂರಿನ ಸುತ್ತಣ ಕಾರ್ಖಾನೆಗಳಲ್ಲಿ ಬಹುಪಾಲು ಈಗ ಮುಚ್ಚಿವೆ. ಕುಂಬಾರನನ್ನು ಸೋಲಿಸಿದವನು ತಾನೂ ಸೋತನು.

ಹೆಂಚಿನ ಮಾಡನ್ನು ಇನ್ನೂ ಉಳಿಸಿಕೊಂಡಿರುವ ಮನೆಗಳವರು ಅದರ ಆರೈಕೆಯನ್ನು ಅರಿತಿರಬೇಕು. ಒಳ್ಳೆಯ ಹೆಂಚನ್ನು ಬೆರಳ ಗೆಣ್ಣಿನಿಂದ ತಟ್ಟಿದರೆ ಕಂಚಿನಂತೆ ನಾದಗೊಡುವುದು. ಬಿರುಕುಬಿಟ್ಟುದೂ ಅರೆಬೆಂದುದೂ ಮಂಕಾಗಿ ನುಡಿಯುವುದು. ಬಣ್ಣವು ಎಲ್ಲೆಡೆ ಸಮನಾಗಿರಬೇಕು. ಸಮನೆಲದ ಮೇಲಿಟ್ಟರೆ ಮೂಲೆಗಳು ಅಲುಗಬಾರದು. ರೀಪುಗಳ ಅಂತರವು ಸುಮಾರು 12 ರಿಂದ 13 ಅಂಗುಲವಿದ್ದು ಎಲ್ಲೆಡೆಯೂ ಒಂದೇ ಆಗಿರತಕ್ಕದ್ದು. ಇದು ತಪ್ಪಿದರೆ ಎಂತಹ ಹೆಂಚೂ ಸೋರುವುದು. ಮಾಡಿನ ಇಳಿಜಾರು ಬಯಲುಸೀಮೆಯಲ್ಲಿ 30 ಡಿಗ್ರಿಯಷ್ಟು, ಮಲೆನಾಡು ಕರಾವಳಿಗಳಲ್ಲಿ 45ರವರೆಗೆ ಇರುವುದು ಲೇಸು. ಹೊದಿಕೆಯು ಸೂರಿನಿಂದ ಮೇಲಕ್ಕೆ ಸಾಗಬೇಕು. ವರ್ಷಕ್ಕೊಮ್ಮೆ ಒಣಗಿದ ಎಲೆ, ಪಾಚಿಗಳನ್ನು ಒರಟು ಕುಂಚದಿಂದ ತೆಗೆದು, ನೆತ್ತಿಯ ಹೆಂಚುಗಳ ಗಾರೆಯನ್ನೂ ರೀಪುಗಳ ಗೆದ್ದಲನ್ನೂ ಪರೀಕ್ಷಿಸಬೇಕು. ಮೇಲೇರುವವನು ಹೆಂಚಿನ ನಡುವೆ ಕಾಲಿಡದೆ, ಕೆಳಗೆ ರೀಪಿನ ಆಸರೆಯಿರುವ ಜೋಡಣೆಯ ಸಾಲಿನಲ್ಲಿ ಹಲಗೆಯನ್ನು ಹಾಸಿ ಅದರ ಮೇಲೆ ನಡೆಯಬೇಕು. ಒಂದು ಒಡೆದರೆ ಮೇಲಿನದನ್ನು ಸ್ವಲ್ಪ ಎತ್ತಿ ಅದೊಂದನ್ನೇ ಬದಲಿಸಬಹುದು. ಈ ಸೌಲಭ್ಯಕ್ಕಾಗಿಯೇ ಹಿರಿಯರು ಹಿತ್ತಲಿನಲ್ಲಿ ಇಪ್ಪತ್ತು ಮೂವತ್ತು ಹೆಂಚುಗಳನ್ನು ಯಾವಾಗಲೂ ಜೋಡಿಸಿಟ್ಟಿರುತ್ತಿದ್ದರು.

ತಾರಸಿಯು ಬಂದ ಮೇಲೆ ಸುಟ್ಟ ಮಣ್ಣು ತಲೆಯ ಮೇಲಿನಿಂದ ಕಾಲ ಕೆಳಗೆ ಇಳಿಯಿತು. ಸಗಣಿ ಸಾರಿಸಿದ ನೆಲ, ಗಾರೆಯ ನೆಲ, ಉಜ್ಜಿದಷ್ಟೂ ಹೊಳೆಯುವ ಕಾವಿಯ ನೆಲ, ಕಡಪದ ಕಲ್ಲು, ಇವು ನಮ್ಮವರ ಹಳೆಯ ಹಾಸುಗಳು. ಚಿತ್ರದ ಬಿಲ್ಲೆಯು ಮೊದಲು ಅರಸರ ವಸ್ತು. 1912ರಲ್ಲಿ ಮುಗಿದ ಮೈಸೂರಿನ ಅರಮನೆಯ ಕಲ್ಯಾಣಮಂಟಪದಲ್ಲಿ ನವಿಲಿನ ಚಿತ್ತಾರದ ಬಿಲ್ಲೆಗಳು ಇಂಗ್ಲೆಂಡಿನಿಂದ ಬಂದುವು. 1922ರಲ್ಲಿ ಮುಂಬಯಿಯ ಸಿಧ್ವಾ ಮನೆತನದವರು ಭಾರತ್ ಟೈಲ್ಸ್ ಎಂಬ ಉದ್ಯಮವನ್ನು ಸ್ವದೇಶಿಯ ಉತ್ಸಾಹದಲ್ಲಿ ಆರಂಭಿಸಿ, ಅಂತಹ ಚಿತ್ತಾರವನ್ನು ಬಣ್ಣದ ಸಿಮೆಂಟಿನಲ್ಲಿ ಒತ್ತಿ, ಸುಡದೆ, ನೀರಿನಲ್ಲಿಯೇ ಗಟ್ಟಿಗೊಳಿಸಿ ಮಾರಿದರು. ಬಳಿಕ ಮೊಸಾಯಿಕ್ ಬಂದಿತು. ಈಗ ಗುಜರಾತಿನ ಮೋರ್ಬಿಯಿಂದ ಬರುವ, ಗಾಜಿನಂತೆ ಬೆಂದ ದೊಡ್ಡ ಬಿಲ್ಲೆಗಳು ಕತ್ರಿಗುಪ್ಪೆಯ ಮನೆಗಳನ್ನೂ ಹೊಕ್ಕಿವೆ.

ಇಲ್ಲಿಯೂ ವಿವೇಕವು ಬೇಕು. ಗಾಜುಗಟ್ಟಿದ ಬಿಲ್ಲೆಯು ತನ್ನ ತೂಕದ ನೂರಕ್ಕೆ ಅರ್ಧದಷ್ಟೂ ನೀರನ್ನು ಹೀರದು. ಗೋಡೆಯ ಬಿಲ್ಲೆಯಾದರೋ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಹೀರುವುದು. ಆದುದರಿಂದ ಗೋಡೆಯದನ್ನು ನೆಲಕ್ಕೆ ಹಾಸಬಾರದು. ನೀರು ಹೀರುವ ಬಿಲ್ಲೆಯನ್ನು ಗಾರೆಗೆ ಕೂರಿಸುವ ಮೊದಲು ನೆನೆಹಾಕಬೇಕು. ಹೀರದ ಬಿಲ್ಲೆಗೆ ಬರಿಯ ಸಿಮೆಂಟು ಹಿಡಿಯದಾದ ಕಾರಣ ಅದಕ್ಕೆಂದೇ ಮಾಡಿದ ಅಂಟು ಬೇಕು. ಬಿಲ್ಲೆಗಳ ನಡುವೆ 2–3 ಮಿಲಿಮೀಟರು ಸಂದು ಬಿಡದಿದ್ದರೆ ಬಿಸಿಲಿಗೆ ಹಿಗ್ಗಿ ಮೇಲೇಳುವುವು. ಕೂರಿಸಿದ ಮೇಲೆ ತಟ್ಟಿ ನೋಡಬೇಕು. ಪೊಳ್ಳಾಗಿ ನುಡಿದರೆ ಅಡಿಯಲ್ಲಿ ಗಾರೆಯು ತುಂಬಿಲ್ಲವೆಂದರ್ಥ. ಬಚ್ಚಲಿನ ನೆಲಕ್ಕೆ ನೂರು ಅಂಗುಲಕ್ಕೆ ಒಂದು ಅಂಗುಲಕ್ಕಿಂತ ಕಡಮೆಯಿಲ್ಲದ ವಾಟವಿರಲಿ. ಸಿಮೆಂಟಿನ ಬಿಲ್ಲೆಗೂ ಸಂದಿನ ಗಾರೆಗೂ ಆಮ್ಲವು ಶತ್ರು. ಬಿಸಿನೀರು, ಸೌಮ್ಯವಾದ ಸಾಬೂನು ಸಾಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಕನ್ನಡಿಯಂತಹ ನೆಲವು ಅತಿಥಿಗಳ ಕಣ್ಣಿಗೆ ಹಬ್ಬವಾದರೂ ಒದ್ದೆಗಾಲಿನ ವೃದ್ಧರಿಗೆ ಅಪಾಯ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡವರು ಹಲವರು ಮತ್ತೆ ಮೊದಲಿನಂತೆ ನಡೆಯಲಾರರು. ಬಚ್ಚಲು, ಹಿತ್ತಲು, ಮೆಟ್ಟಿಲುಗಳಿಗೆ ಒರಟಾದ ಬಿಲ್ಲೆಯನ್ನು ಆರಿಸುವುದು ಜಿಪುಣತನವಲ್ಲ, ಹಿರಿಯರಿಗೆ ಸಲ್ಲಿಸುವ ಮರ್ಯಾದೆ.

ಕೊನೆಗೆ ಆ ಗುಪ್ಪೆಯ ಬಳಿಗೇ ಮರಳೋಣ. ಹೆಂಚಿನ ಮಾಡನ್ನು ಇಳಿಸಿದರೆ ಹೆಂಚುಗಳು ಇಡಿಯಾಗಿ ಕೈಗೆ ಬರುವುವು. ಅವು ಇನ್ನೊಂದು ಮನೆಯ, ಕಡೆಗೆ ದನದ ಕೊಟ್ಟಿಗೆಯ ಮೇಲಾದರೂ ಮತ್ತೊಂದು ತಲೆಮಾರು ಮಳೆಯನ್ನು ತಡೆಯುವುವು. ಅಂಟಿಸಿದ ಬಿಲ್ಲೆಯು ಹಾಗಲ್ಲ. ಒಡೆಯದೆ ಏಳುವುದು ಅಪೂರ್ವ. ಮೊದಲಿನದು ದುರಸ್ತಿಯನ್ನು ಎಣಿಸಿ ಮಾಡಿದ ವಸ್ತು, ಎರಡನೆಯದು ದುರಸ್ತಿಯನ್ನು ಮರೆತು ಮಾಡಿದ ವಸ್ತು. ಹಾಗೆಂದು ಎಲ್ಲರೂ ಮತ್ತೆ ಹೆಂಚಿನ ಮಾಡಿಗೆ ಮರಳಬೇಕೆಂದು ಹೇಳುವುದು ಸಾಧುವಲ್ಲ; ನಿವೇಶನಗಳು ಚಿಕ್ಕವು, ಕುಟುಂಬಗಳ ಅಗತ್ಯಗಳು ಬೇರೆ. ಆದರೆ ಹಳೆಯ ಮನೆಯನ್ನು ಕೆಡವುವ ಗೃಹಸ್ಥನು ಸನಿಕೆಯನ್ನು ಎತ್ತಿಸುವ ಮೊದಲು ಒಂದು ದಿನ ತಡೆದು, ಮಾಡಿನ ಹೆಂಚನ್ನು ಕೈಯಿಂದ ಇಳಿಸಿಸಿ ಬೇಕಾದವರಿಗೆ ಕೊಡಬಹುದು. ಹೊಸ ನೆಲವನ್ನು ಹಾಸುವಾಗ ಹತ್ತು ಬಿಲ್ಲೆಗಳನ್ನು ಹೆಚ್ಚಾಗಿ ಕೊಂಡು ಅಟ್ಟದ ಮೇಲಿರಿಸಬಹುದು. ಮುಂದೊಂದು ದಿನ ಒಂದು ಬಿಲ್ಲೆ ಒಡೆದಾಗ, ಇಡೀ ನೆಲವನ್ನು ಕೀಳದೆ ಅದೊಂದನ್ನೇ ಬದಲಿಸಲು ಮಕ್ಕಳಿಗೆ ಸಾಧ್ಯವಾಗುವುದು.