ತಾರಿ ನಿಂತಲ್ಲಿ ದಾರಿ ನಿಂತಿತ್ತು

ಭಟ್ಕಳದಿಂದ ಕುಮಟಾಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರ್. ಇಷ್ಟು ದಾರಿಯಲ್ಲಿ ಮಾವಿನಕುರ್ವೆ ಎಂಬ ಹೆಸರಿನ ಎರಡು ಊರುಗಳಿವೆ. ಒಂದು ಭಟ್ಕಳದ ಬಂದರಿನ ಬಳಿ, ಇನ್ನೊಂದು ಹೊನ್ನಾವರದ ಶರಾವತಿ ಹೊಳೆಯಲ್ಲಿ. ಹೊಳೆಯ ನಡುಗಡ್ಡೆಗೆ ಈ ಸೀಮೆಯಲ್ಲಿ ‘ಕುರ್ವೆ’ ಎನ್ನುತ್ತಾರೆ; ಕುಮಟಾದ ಕಡೆ ಐಗಳಕುರ್ವೆಯೂ ಇದೆ. ಎರಡೂ ಮಾವಿನಕುರ್ವೆಗಳು ಹೆದ್ದಾರಿಗೆ ಹತ್ತಿರ, ಆದರೆ ಹೆದ್ದಾರಿಯ ಮೇಲಿಲ್ಲ. ಕಾರಿನಲ್ಲಿ ಹೋಗುವವರು ಇವುಗಳನ್ನು ನೋಡದೆಯೇ ದಾಟಿಬಿಡುತ್ತಾರೆ. ಹಿಂದೆ ಹಾಗೆ ದಾಟಿಬಿಡಲು ಆಗುತ್ತಿರಲಿಲ್ಲ. ಈ ದಾರಿಯ ಚರಿತ್ರೆ ಬೇಕೆಂದರೆ ಮೊದಲು ಕೇಳಬೇಕಾದದ್ದು, ಜನ ಎಲ್ಲಿ ನಿಲ್ಲುತ್ತಿದ್ದರು ಎಂಬುದನ್ನು.

ನಿಲ್ಲುತ್ತಿದ್ದುದು ಹೊಳೆಯ ದಂಡೆಯಲ್ಲಿ. ಭಟ್ಕಳ ಬಿಟ್ಟರೆ ವೆಂಕಟಾಪುರ ಹೊಳೆ, ಹೊನ್ನಾವರದಲ್ಲಿ ಶರಾವತಿ, ಕುಮಟಾ ದಾಟಿದರೆ ಮಿರ್ಜಾನಿನ ಬಳಿ ಅಘನಾಶಿನಿ, ಅದರಾಚೆ ಗಂಗಾವಳಿ. ದೋಣಿಯಲ್ಲಿ ಜನರನ್ನು ದಾಟಿಸುವ ಜಾಗಕ್ಕೆ ಇಲ್ಲಿ ‘ತಾರಿ’ ಎಂದು ಹೆಸರು. ‘ತಾರಿಬಾಗಿಲು’ ಎಂಬ ಊರುಕೇರಿಯ ಹೆಸರುಗಳು ಇಂದಿಗೂ ಉಳಿದಿವೆ. ಭರತ ಇಳಿತ ನೋಡಿ, ಗಾಳಿ ನೋಡಿ, ದೋಣಿ ತುಂಬುವಷ್ಟು ಜನ ಸೇರಿದ ಮೇಲೆ ತಾರಿ ಹೊರಡಬೇಕು. ಅಷ್ಟು ಹೊತ್ತು ಕಾಯುವವರಿಗೆ ಒಂದು ಮರ, ಕುಡಿಯುವ ನೀರು, ಕೂರಲು ಜಗಲಿ ಬೇಕು. ದಾರಿಬದಿಯ ತಂಗುದಾಣ ಹುಟ್ಟಿದ್ದು ಈ ಕಾಯುವಿಕೆಯಿಂದಲೇ.

1801ರ ಆರಂಭದಲ್ಲಿ ಫ್ರಾನ್ಸಿಸ್ ಬುಕಾನನ್ ದಕ್ಷಿಣದಿಂದ ಉತ್ತರಕ್ಕೆ ಈ ತೀರದಲ್ಲೇ ಸಾಗಿದ. ಅವನ ಪ್ರವಾಸಕಥನ 1807ರಲ್ಲಿ ಅಚ್ಚಾಯಿತು. ಭಟ್ಕಳದ ಮನೆಗಳನ್ನೂ ಮಸೀದಿಗಳನ್ನೂ ಅವನು ಎಣಿಸಿದ್ದಾನೆ. ಹೊನ್ನಾವರದ ಹಿನ್ನೀರಿನಲ್ಲಿ ಅನೇಕ ನಡುಗಡ್ಡೆಗಳಿವೆ, ಕೆಲವದರಲ್ಲಿ ಬೇಸಾಯ ಇದೆ ಎಂದು ಬರೆದಿದ್ದಾನೆ. ಅವಸರದ ಪ್ರಯಾಣಿಕನಿಗೆ ಇಂಥದ್ದು ಕಾಣುವುದಿಲ್ಲ. ಅದಕ್ಕೂ ನಾಲ್ಕೂವರೆ ಶತಮಾನ ಹಿಂದೆ ಬಂದ ಇಬ್ನ್ ಬತೂತ ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದು ಹೇಳಿದ್ದಾನೆ. ನಿಂತವನು ಮಾತ್ರ ಹೇಳಬಹುದಾದ ಲೆಕ್ಕ ಅದು.

ಆ ಕಾಲದ ನಿಜವಾದ ಹೆದ್ದಾರಿ ಸಮುದ್ರ. ಸರಕು ಪತ್ತೇಮಾರಿಯಲ್ಲಿ, ಮಚ್ವೆಯಲ್ಲಿ ಹೋಗುತ್ತಿತ್ತು. ಆಮೇಲೆ ಆಗಬೋಟುಗಳು ಬಂದವು. ನೆಲದ ಮೇಲೆ ದೊಡ್ಡ ದಾರಿಗಳೆಂದರೆ ಘಟ್ಟದಿಂದ ಬಂದರಿಗೆ ಇಳಿಯುವವು. ಧಾರವಾಡದ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬರುತ್ತಿತ್ತು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, ಅಂದರೆ 1861ರಿಂದ 1865ರವರೆಗೆ, ಅಲ್ಲಿನ ಹತ್ತಿ ನಿಂತುಹೋದಾಗ ಈ ಹತ್ತಿಗೆ ಬೆಲೆ ಏರಿತು. ‘ಕುಮಟಾ’ ಎಂಬುದು ಇಂಗ್ಲೆಂಡಿನ ಪೇಟೆಯಲ್ಲಿ ಹತ್ತಿಯ ಒಂದು ತಳಿಯ ಹೆಸರೇ ಆಯಿತು. ಉತ್ತರ ಕನ್ನಡವನ್ನು ಮದರಾಸಿನಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದು 1862ರಲ್ಲಿ. ಅದರ ಹಿಂದೆಯೂ ಹತ್ತಿಯ ಲೆಕ್ಕಾಚಾರವಿತ್ತು. ಮುಂದೆ ಮಾರ್ಮಗೋವಾಕ್ಕೆ ರೈಲು ಬಂದಾಗ ಹತ್ತಿ ಆ ದಾರಿ ಹಿಡಿಯಿತು, ಕುಮಟಾದ ಬಂದರು ಸೊರಗಿತು.

ತೀರದುದ್ದದ ರಸ್ತೆಗೆ ಹೊಳೆಗಳಷ್ಟೇ ಅಲ್ಲ, ಗಡಿಗಳೂ ಅಡ್ಡವಿದ್ದವು. ಭಟ್ಕಳ ದಾಟಿ ದಕ್ಷಿಣಕ್ಕೆ ಹೋದರೆ 1956ರವರೆಗೆ ಮದರಾಸು ರಾಜ್ಯ. ಕಾರವಾರ ದಾಟಿ ಉತ್ತರಕ್ಕೆ ಹೋದರೆ 1961ರವರೆಗೆ ಪೋರ್ಚುಗೀಸರ ಗೋವಾ. ಎರಡೂ ಗಡಿ ಅಳಿಸಿದ ಮೇಲೆಯೇ ಪನವೇಲಿನಿಂದ ಕೊಚ್ಚಿಯವರೆಗೆ ಎಡೆಬಿಡದ ಹೆದ್ದಾರಿ ಸಾಧ್ಯವಾದದ್ದು. ಅದೇ ಹಳಬರ ಬಾಯಲ್ಲಿ ಈಗಲೂ ಇರುವ ‘ಹದಿನೇಳು’. ಹೊಳೆಗಳಿಗೆ ಸೇತುವೆ ಬಂದಂತೆ ತಾರಿಯ ಜಗಲಿಗಳು ಖಾಲಿಯಾದವು. ನಿಲ್ಲುವ ಜಾಗ ದಂಡೆಯಿಂದ ರಸ್ತೆಬದಿಗೆ ಸರಿಯಿತು: ಚಾ ಅಂಗಡಿ, ಬನ್ಸ್ ಬಾಜಿ, ಮುರುಗಲ ಶರಬತ್ತು, ಬುಟ್ಟಿಯಲ್ಲಿ ಮಾವು ಇಟ್ಟುಕೊಂಡು ಕೂತ ಹೆಂಗಸರು, ಭಟ್ಕಳದ ಮಲ್ಲಿಗೆ.

2010ರಲ್ಲಿ ಹದಿನೇಳು ‘66’ ಆಯಿತು. ಅಮೆರಿಕದ ಹೆಸರಾಂತ ಹೆದ್ದಾರಿಯ ಸಂಖ್ಯೆಯೂ ಇದೇ. ಷಿಕಾಗೊದಿಂದ ಸಾಂಟಾ ಮೋನಿಕಾಕ್ಕೆ ಹೋಗುವ ಆ ದಾರಿ 1926ರಲ್ಲಿ ಹುಟ್ಟಿ, 1985ರಲ್ಲಿ ಅಧಿಕೃತವಾಗಿ ಕೊನೆಗೊಂಡಿತು. ಆದರೆ ಅದರ ಹಳೆಯ ಪೆಟ್ರೋಲ್ ಬಂಕು, ಹೋಟೆಲುಗಳನ್ನು ನೋಡಲು ಜನ ಇವತ್ತಿಗೂ ಹೋಗುತ್ತಾರೆ. ಅಲ್ಲಿ ಹೊಸ ಹೆದ್ದಾರಿ ಹಳೆಯದನ್ನು ಬದಿಗಿಟ್ಟು ಬೇರೆ ಕಡೆ ಹೋಯಿತು. ಬದಿಗಿಟ್ಟದ್ದು ಬಡವಾಯಿತು, ಆದರೂ ಉಳಿಯಿತು. ನಮ್ಮಲ್ಲಿ ಹೊಸ ಹೆದ್ದಾರಿ ಬಹುಮಟ್ಟಿಗೆ ಹಳೆಯದರ ಮೈಮೇಲೆಯೇ ಬಂದಿದೆ. ಅಗಲಿಸುವಾಗ ಮೊದಲು ಹೋಗುವುದು ಅಂಚು. ಮರ, ಮೈಲುಗಲ್ಲು, ಅಂಗಡಿ ಎಲ್ಲ ಇರುವುದು ಅಂಚಿನಲ್ಲೇ.

ಅಂಚಿನಲ್ಲಿ ಹೋಗುವುದು ನೆನಪು ಮಾತ್ರವಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ರಸ್ತೆ ಅಗಲಿಸಲು ಕಡಿದಿದ್ದ ಗುಡ್ಡ ಭಾರಿ ಮಳೆಗೆ ಜಾರಿತು. ಅದರ ಬುಡದಲ್ಲಿದ್ದದ್ದು ಒಂದು ಚಾ ಅಂಗಡಿ. ಅಂಗಡಿ ನಡೆಸುತ್ತಿದ್ದ ಕುಟುಂಬವೂ, ಅಲ್ಲಿ ಲಾರಿ ನಿಲ್ಲಿಸಿದ್ದ ಚಾಲಕರೂ ಮಣ್ಣು, ಹೊಳೆಯ ಪಾಲಾದರು. ಕೇರಳದ ಒಂದು ಲಾರಿ ಗಂಗಾವಳಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು. ಈ ನಡುವೆ ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆಯೂ ಕುಸಿದಿತ್ತು. ಗುಡ್ಡ, ಹೊಳೆಗಳನ್ನು ಗೆದ್ದೆವು ಎಂಬ ಲೆಕ್ಕ ಒಂದೇ ಮಳೆಗಾಲದಲ್ಲಿ ತಪ್ಪಿತು.

ಈಗ ಹೊನ್ನಾವರ ಕುಮಟಾಗಳ ನಡುವೆ ಎಲ್ಲರೂ ನಿಧಾನಿಸುವ ಜಾಗ ಹೊಳೆಗದ್ದೆಯ ಟೋಲ್ ಗೇಟು. ತಾರಿಯವನಿಗೂ ಕಾಸು ಕೊಡಬೇಕಿತ್ತು, ಇಲ್ಲೂ ಕೊಡಬೇಕು. ತಾರಿಯಲ್ಲಿ ಕೊಟ್ಟವನು ದೋಣಿಯಲ್ಲಿ ಪಕ್ಕದವನ ಊರು ಕೇಳುತ್ತಿದ್ದ. ಇಲ್ಲಿ ಫಾಸ್ಟ್ಯಾಗ್ ಸದ್ದು ಮಾಡಿದರೆ ಮುಗಿಯಿತು. ತಾರಿಯ ಕಾಲ ಮರಳಿ ಬರಬೇಕೆಂದು ಯಾರೂ ಬಯಸಲಾರರು. ಮಳೆಗಾಲದ ರಾತ್ರಿ ಬಸುರಿಯನ್ನು ದೋಣಿಯಲ್ಲಿ ದಾಟಿಸುವ ಕಷ್ಟ ಸೇತುವೆಯಿಂದಲೇ ತಪ್ಪಿದ್ದು. ಆದರೆ ಎಲ್ಲಿ ನಿಲ್ಲುತ್ತಿದ್ದೆವು, ಯಾಕೆ ನಿಲ್ಲುತ್ತಿದ್ದೆವು ಎಂಬುದನ್ನು ಬರೆದಿಡಲು ಕಟ್ಟಡ ಉಳಿದಿರಬೇಕಿಲ್ಲ. ತಾರಿ ಎಲ್ಲಿತ್ತು, ದೋಣಿಗೆ ಎಷ್ಟು ಹೊತ್ತು ಕಾಯಬೇಕಿತ್ತು ಎಂದು ಹೇಳಬಲ್ಲ ಹಿರಿಯರು ಹೊಳೆದಂಡೆಯ ಊರುಗಳಲ್ಲಿ ಇನ್ನೂ ಇದ್ದಾರೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ ತಿರುಗಿದರೆ ಸಾಕು.