ಕಾಸರಕದ ಬೀಜ: ವಿಷವನ್ನು ಮದ್ದಾಗಿಸಿದ ಎರಡು ದಾರಿಗಳು

ಕಾಸರಕ ನಮ್ಮ ಕರಾವಳಿ, ಮಲೆನಾಡಿನ ಕಾಡುಗಳಲ್ಲಿ ತಾನಾಗಿ ಬೆಳೆಯುವ ಮರ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಸ್ಟ್ರಿಕ್ನೋಸ್ ನಕ್ಸ್ ವಾಮಿಕ. ಕಿತ್ತಳೆ ಬಣ್ಣದ ಹಣ್ಣಿನ ತಿರುಳೊಳಗೆ ಅಂಗಿಯ ಗುಂಡಿಯಂಥ ಚಪ್ಪಟೆ ಬೀಜಗಳಿರುತ್ತವೆ. ಮೈಮೇಲೆ ಹೊಳೆಯುವ ನವಿರು ರೋಮ, ರುಚಿ ಕಡುಕಹಿ. ಒಣಗಿದರೆ ಸುಲಭಕ್ಕೆ ಕುಟ್ಟಲಾಗದಷ್ಟು ಗಟ್ಟಿ. ಆಯುರ್ವೇದವೂ ಹೋಮಿಯೋಪತಿಯೂ ಇದನ್ನು ಮದ್ದಾಗಿ ಬಳಸಿವೆ. ಆದರೆ ಬೀಜದ ವಿಷಕ್ಕೆ ಎರಡೂ ಕಂಡುಕೊಂಡ ಪರಿಹಾರ ಬೇರೆ ಬೇರೆ.

ವಿಷದ ಮೂಲ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ಕ್ಷಾರಾಭಗಳು. ಫ್ರಾನ್ಸಿನ ಪೆಲ್ತಿಯೇ ಮತ್ತು ಕಾವಾಂತೂ 1818ರಲ್ಲಿ ಸ್ಟ್ರಿಕ್ನಿನ್ನನ್ನು ಬೇರ್ಪಡಿಸಿದರು. ಸ್ನಾಯುಗಳ ಬಿಗಿತಕ್ಕೆ ಕಡಿವಾಣ ಹಾಕುವ ಗ್ಲೈಸಿನ್‌ನ ಕೆಲಸವನ್ನು ಇದು ಬೆನ್ನುಹುರಿಯಲ್ಲಿ ತಡೆಯುತ್ತದೆ. ಸಣ್ಣ ಸದ್ದಿಗೂ ಮೈ ಸೆಟೆದು, ಕೊನೆಗೆ ಉಸಿರು ನಿಲ್ಲುತ್ತದೆ. ವಯಸ್ಕರ ಪ್ರಾಣ ತೆಗೆಯಲು ನೂರು ಮಿಲಿಗ್ರಾಂ ಸಾಕು.

ಆಯುರ್ವೇದ ವೈದ್ಯರು ಈ ಬೀಜವನ್ನು ಕುಪೀಲು, ವಿಷಮುಷ್ಟಿ ಎನ್ನುತ್ತಾರೆ. ಬೀಜವನ್ನು ಗೋಮೂತ್ರದಲ್ಲಿ ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಿಪ್ಪೆಯನ್ನೂ ಒಳಗಿನ ಮೊಳಕೆಯನ್ನೂ ತೆಗೆದು, ತುಪ್ಪದಲ್ಲಿ ಹುರಿಯುವುದು ಶೋಧನೆಯ ಕ್ರಮ. ಇದರಿಂದ ಸ್ಟ್ರಿಕ್ನಿನ್ ತಗ್ಗುತ್ತದೆಯೇ ಹೊರತು ಪೂರ್ತಿ ಹೋಗುವುದಿಲ್ಲ. ಹಾಗಾಗಿ ಶೋಧಿಸಿದ ಬೀಜಕ್ಕೂ ಪ್ರಮಾಣದ ಮಿತಿ ಕಟ್ಟುನಿಟ್ಟು.

ಯುರೋಪಿನಲ್ಲಿ ಇದೇ ಬೀಜ ನಾಯಿ, ಇಲಿಗಳನ್ನು ಕೊಲ್ಲುವ ವಿಷವೆಂದು ಹೆಸರಾಗಿತ್ತು. ಜರ್ಮನಿಯ ಸ್ಯಾಮ್ಯುಯೆಲ್ ಹಾನಿಮನ್ 1796ರಲ್ಲಿ ಹೋಮಿಯೋಪತಿಯ ತಳಹದಿಯಾದ ಹೊಸ ತತ್ವವೊಂದನ್ನು ಮುಂದಿಟ್ಟರು: ಒಂದು ವಸ್ತು ಆರೋಗ್ಯವಂತರಲ್ಲಿ ಯಾವ ಲಕ್ಷಣ ಹುಟ್ಟಿಸುತ್ತದೋ, ಅಂಥದೇ ಲಕ್ಷಣದ ರೋಗಕ್ಕೆ ಆ ವಸ್ತುವೇ ಮದ್ದು. 1811ರಲ್ಲಿ ಹೊರಬಂದ ಅವರ ಔಷಧಗ್ರಂಥದ ಮೊದಲ ಸಂಪುಟದಲ್ಲಿ ನಕ್ಸ್ ವಾಮಿಕ ಸೇರಿತು. ಕೂತು ಕೆಲಸ ಮಾಡುವ, ಕಾಫಿ–ಮದ್ಯದಲ್ಲಿ ಮಿತಿ ಮೀರಿದ, ಮುಂಗೋಪದ ಅಜೀರ್ಣ ರೋಗಿ ಎಂಬ ಚಿತ್ರ ಅದಕ್ಕೆ ಅಂಟಿಕೊಂಡಿತು. ಮೊದಮೊದಲು ಹಾನಿಮನ್ ಕೊಡುತ್ತಿದ್ದದ್ದು ಸಾಮಾನ್ಯ ಪ್ರಮಾಣದ ಮದ್ದನ್ನೇ. ತೀರಾ ತೆಳುವಾಗಿಸುವ ಪದ್ಧತಿ ಆಮೇಲೆ ಬೆಳೆದದ್ದು.

ಕರ್ನಾಟಕದಲ್ಲಿ ಹೋಮಿಯೋಪತಿಗೆ ನೆಲೆ ಒದಗಿಸಿದವರಲ್ಲಿ ಜರ್ಮನ್ ಪಾದ್ರಿ ಅಗಸ್ಟಸ್ ಮುಲ್ಲರ್ ಮುಖ್ಯರು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಅವರು ಬಡವರಿಗೆ ಹೋಮಿಯೋಪತಿ ಮದ್ದು ಹಂಚತೊಡಗಿದರು. ಕಾಸರಕ ಹುಟ್ಟುವ ನೆಲಕ್ಕೇ ನಕ್ಸ್ ವಾಮಿಕ ಜರ್ಮನ್ ಪದ್ಧತಿಯ ಔಷಧವಾಗಿ ಮರಳಿ ಬಂತು.

ನಕ್ಸ್ ವಾಮಿಕ 30 ಎಂದರೆ ಒಂದಕ್ಕೆ ನೂರರಂತೆ ಮೂವತ್ತು ಸಲ ತೆಳುವಾಗಿಸಿದ್ದು. ಹನ್ನೆರಡನೆಯ ಹಂತ ದಾಟುವ ಹೊತ್ತಿಗೇ ಮೂಲವಸ್ತುವಿನ ಒಂದು ಅಣುವೂ ಉಳಿದಿರುವ ಸಂಭವ ಕಡಿಮೆ. ಆ ಗುಳಿಗೆಯಿಂದ ವಿಷವೇರದಿರಲು ಇದೇ ಕಾರಣ; ಅದು ರೋಗ ಕಳೆಯುತ್ತದೆ ಎಂಬ ಮಾತನ್ನು ರಸಾಯನಶಾಸ್ತ್ರ ಒಪ್ಪದಿರಲೂ ಇದೇ ಕಾರಣ. ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ, ಹೋಮಿಯೋಪತಿ ಯಾವುದೇ ಕಾಯಿಲೆಗೆ ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆ ಇಲ್ಲವೆಂದಿತು.

ತೆಳುವಾಗಿಸುವ ಮೊದಲಿನ ಮೂಲದ್ರಾವಣವಾದ ಮದರ್ ಟಿಂಕ್ಚರ್‌ನ ಮಾತೇ ಬೇರೆ. ಅದರಲ್ಲಿ ಬೀಜದ ಸಾರ, ಸ್ಟ್ರಿಕ್ನಿನ್ ಸಮೇತ, ಹಾಗೇ ಇರುತ್ತದೆ. ನಕ್ಸ್ ವಾಮಿಕ ಎಂಬ ಒಂದೇ ಹೆಸರು ಎರಡೂ ಸೀಸೆಗಳ ಮೇಲಿರುವುದರಿಂದ, ಹೋಮಿಯೋಪತಿ ಮದ್ದು ಏನೂ ಮಾಡುವುದಿಲ್ಲ ಎಂಬ ರೂಢಿಯ ಮಾತನ್ನು ಇದಕ್ಕೆ ಅನ್ವಯಿಸಿದರೆ ಅಪಾಯ. ಹೆಸರಿನ ಪಕ್ಕದ ಅಂಕಿಯನ್ನು ನೋಡದೆ ಈ ಮದ್ದಿನ ಗುಣದೋಷ ಹೇಳಲಾಗದು.